ಗಳಗಂಡದ ಮೂಲವನ್ನರಸಿದ ವೈದ್ಯ : ಸರ್ ರಾಬರ್ಟ್ ಮ್ಯಾಕ್‌ಕ್ಯಾರಿಸನ್

ರಣರಂಗದಲ್ಲಿ ಜಯಗಳಿಸಿದವರನ್ನು ಲೋಕವು ಬೇಗನೆ ನೆನೆಯುತ್ತದೆ. ರೋಗದೊಡನೆ ಹೋರಾಡಿದವರನ್ನು ಅಷ್ಟಾಗಿ ನೆನೆಯುವುದಿಲ್ಲ. ನಾವು ದಿನವೂ ಉಣ್ಣುವ ಅನ್ನದಲ್ಲಿ, ಅನ್ನಕ್ಕೆ ಬೆರೆಸುವ ಉಪ್ಪಿನಲ್ಲಿ ಎಷ್ಟು ಜನರ ತಪಸ್ಸು ಅಡಗಿದೆಯೆಂಬುದನ್ನು ಆಲೋಚಿಸುವವರು ಕಡಮೆ. ಅಂತಹ ತಪಸ್ವಿಗಳಲ್ಲಿ ಒಬ್ಬರು ಸರ್ ರಾಬರ್ಟ್ ಮ್ಯಾಕ್‌ಕ್ಯಾರಿಸನ್. ಹುಟ್ಟಿನಿಂದ ಅವರು ಐರ್ಲೆಂಡಿನವರು; ಆದರೆ ಬಾಳಿನ ಉತ್ತಮ ಭಾಗವನ್ನೆಲ್ಲ ನಮ್ಮ ದೇಶದ ಬೆಟ್ಟಗಾಡುಗಳಲ್ಲಿ ಕಳೆದರು. ಗಳಗಂಡವೆಂಬ ರೋಗದ ಮೂಲವೇನು, ಮನುಷ್ಯನು ಏನನ್ನು ತಿಂದರೆ ಆರೋಗ್ಯವಾಗಿರುತ್ತಾನೆ ಎಂಬ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹೋದರು. ಮೊದಲನೆಯ ಪ್ರಶ್ನೆಗೆ ಅವರಿಗೆ ಸಿಕ್ಕಿದ ಉತ್ತರ ಅರ್ಧ ಮಾತ್ರ ಸರಿ; ಎರಡನೆಯದಕ್ಕೆ ಸಿಕ್ಕಿದ ಉತ್ತರ ಇಂದಿಗೂ ನಮ್ಮ ಮನೆಯ ಅಡಿಗೆಗೆ ದಾರಿ ತೋರುವಂಥದು. ಈ ಎರಡು ಕಾರಣಗಳಿಂದಲೂ ಅವರ ಚರಿತ್ರೆಯನ್ನು ನಮ್ಮ ಶಾಲೆಯ ಮಕ್ಕಳ ಮುಂದಿಡುವುದು ಉಚಿತವೆಂದು ನಮಗೆ ತೋರಿತು.

ಮ್ಯಾಕ್‌ಕ್ಯಾರಿಸನ್ನರು ಜನಿಸಿದುದು 1878ನೆಯ ಇಸವಿ ಮಾರ್ಚ್ 15ರಂದು, ಉತ್ತರ ಐರ್ಲೆಂಡಿನ ಪೋರ್ಟಡೌನ್ ಎಂಬ ಊರಿನಲ್ಲಿ. ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, 1900ರಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿಯನ್ನು ಪಡೆದರು. ಆ ಕಾಲದಲ್ಲಿ ಭಾರತದ ಆಡಳಿತ ಬ್ರಿಟಿಷರ ಕೈಯಲ್ಲಿದ್ದಿತು. ಸೈನ್ಯಕ್ಕೂ ಆಸ್ಪತ್ರೆಗಳಿಗೂ ವೈದ್ಯರನ್ನು ಒದಗಿಸಲು ಭಾರತೀಯ ವೈದ್ಯಕೀಯ ಸೇವೆಯೆಂಬ ಇಲಾಖೆಯಿದ್ದಿತು. ತರುಣ ವೈದ್ಯರು ಆ ಸೇವೆಯನ್ನು ಸೇರಿ 1901ರಲ್ಲಿ ಭಾರತಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ.

ಅವರನ್ನು ಕಳುಹಿಸಿದುದು ಸುಖವಾದ ನಗರಕ್ಕಲ್ಲ. ಭಾರತದ ವಾಯವ್ಯ ಗಡಿಯಾಚೆ ಹಿಮಪರ್ವತಗಳ ನಡುವೆ ಇರುವ ಚಿತ್ರಾಲಕ್ಕೆ. ಕಣಿವೆಗಳನ್ನು ಕಾಯುತ್ತಿದ್ದ ಭಾರತೀಯ ಸಿಪಾಯಿಗಳಿಗೆ ಅವರು ವೈದ್ಯರಾದರು. ಅಲ್ಲಿ ಬೇಸಗೆಯಲ್ಲಿ ಸಿಪಾಯಿಗಳಿಗೆ ಮೂರು ದಿನವಿದ್ದು ಬಿಟ್ಟುಹೋಗುವ ಒಂದು ಬಗೆಯ ಜ್ವರ ಬರುತ್ತಿದ್ದಿತು. ಇತರರು ಅದನ್ನು ಸಾಮಾನ್ಯ ಜ್ವರವೆಂದು ಬಿಟ್ಟುಬಿಡುತ್ತಿದ್ದರು. ಮ್ಯಾಕ್‌ಕ್ಯಾರಿಸನ್ನರು ಹಾಗೆ ಬಿಡಲಿಲ್ಲ. ರೋಗಿಗಳ ಲಕ್ಷಣಗಳನ್ನು ಬರೆದಿಟ್ಟುಕೊಂಡರು. ಮರಳುನೊಣವೆಂಬ ಅತಿ ಚಿಕ್ಕ ಕೀಟದ ಮೇಲೆ ಸಂದೇಹಪಟ್ಟು ಅದನ್ನು ಪ್ರಕಟಿಸಿದರು. ಆ ಸಂದೇಹ ಮುಂದೆ ನಿಜವೆಂದು ತಿಳಿದುಬಂದಿತು. ಕಣ್ಣಿಗೆ ಬಿದ್ದುದನ್ನು ಅಲ್ಲಿಯೇ ಬಿಡದೆ ಬರೆದಿಡುವ ಈ ಅಭ್ಯಾಸವೇ ಅವರ ಮುಂದಿನ ಕಾರ್ಯಕ್ಕೆಲ್ಲ ತಳಹದಿಯಾಯಿತು.

1904ರಿಂದ 1911ರವರೆಗೆ ಅವರು ಗಿಲ್ಗಿತ್ತಿನಲ್ಲಿದ್ದರು. ಗಿಲ್ಗಿತ್ ಆಗ ಕಾಶ್ಮೀರ ಸಂಸ್ಥಾನದ ಉತ್ತರದ ತುದಿ. ಅಲ್ಲಿಯ ಜನರಲ್ಲಿ ಬಹುಮಂದಿಯ ಕೊರಳಿನ ಮುಂಭಾಗ ಉಬ್ಬಿಕೊಂಡಿರುವುದನ್ನು ಅವರು ಕಂಡರು. ಕೆಲವರಿಗೆ ಅದು ಅಡಿಕೆಯಷ್ಟು. ಕೆಲವರಿಗೆ ಚೀಲದಂತೆ ಜೋತುಬಿದ್ದು ಉಸಿರಾಡುವುದಕ್ಕೇ ಕಷ್ಟವಾಗುವಷ್ಟು. ಇದೇ ಗಳಗಂಡ. ಈ ರೋಗ ಹಿಮಾಲಯದ ತಪ್ಪಲಿನಲ್ಲಿ ಕಾಶ್ಮೀರದಿಂದ ಅಸ್ಸಾಮಿನವರೆಗೆ ಹಬ್ಬಿದ್ದಿತು. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿಯೂ ಇದ್ದಿತು. ನಮ್ಮ ಕರ್ನಾಟಕವೇನೂ ಇದಕ್ಕೆ ಹೊರತಲ್ಲ. ಮಲೆನಾಡಿನ ಚಿಕ್ಕಮಗಳೂರು, ಕೊಡಗು ಮೊದಲಾದ ಜಿಲ್ಲೆಗಳಲ್ಲಿಯೂ ಗಳಗಂಡ ಕಂಡುಬಂದಿದೆ.

ಇಲ್ಲಿ ಒಂದು ಕ್ಷಣ ನಿಂತು, ಊದಿಕೊಳ್ಳುವುದು ಏನೆಂಬುದನ್ನು ತಿಳಿದುಕೊಳ್ಳೋಣ. ನಮ್ಮ ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡು, ಚಿಟ್ಟೆಯ ಎರಡು ರೆಕ್ಕೆಗಳಂತೆ ಒಂದು ಗ್ರಂಥಿಯಿದೆ. ಅದರ ಹೆಸರು ಥೈರಾಯ್ಡ್ ಗ್ರಂಥಿ. ಗುರಾಣಿಯಂತಿರುವುದೆಂದು ಆ ಗ್ರೀಕ್ ಹೆಸರಿನ ಅರ್ಥ. ದೊಡ್ಡವರಲ್ಲಿ ಅದರ ತೂಕ ಸುಮಾರು 20 ಗ್ರಾಂ ಮಾತ್ರ. ಆದರೂ ಅದು ರಕ್ತಕ್ಕೆ ಸೇರಿಸುವ ರಸವು ಇಡೀ ದೇಹದ ಕಾರ್ಯವೇಗವನ್ನು ನಡೆಸುತ್ತದೆ. ಒಲೆಯ ಉರಿಯನ್ನು ಹೆಚ್ಚು ಕಡಮೆ ಮಾಡಿದಂತೆ ಹೃದಯದ ಬಡಿತ, ದೇಹದ ಶಾಖ, ಮಕ್ಕಳ ಬೆಳವಣಿಗೆ, ಬುದ್ಧಿಯ ವಿಕಾಸ ಇವೆಲ್ಲವೂ ಆ ರಸದ ಪ್ರಮಾಣವನ್ನು ಅವಲಂಬಿಸಿವೆ. ಆ ರಸವನ್ನು ತಯಾರಿಸಲು ಗ್ರಂಥಿಗೆ ಅಯೋಡಿನ್ ಎಂಬ ಮೂಲವಸ್ತು ಬೇಕು. ರಸದ ಮುಖ್ಯರೂಪವಾದ ಥೈರಾಕ್ಸಿನ್ನಿನ ಒಂದೊಂದು ಅಣುವಿನಲ್ಲಿಯೂ ಅಯೋಡಿನ್ನಿನ ನಾಲ್ಕು ಪರಮಾಣುಗಳಿರುತ್ತವೆ. ಅಯೋಡಿನ್ ಸಾಲದಾದರೆ ಗ್ರಂಥಿಯು, ಎಣ್ಣೆಕಾಳು ಕಡಮೆಯಾದಾಗ ಗಾಣವನ್ನು ಇನ್ನೂ ದೊಡ್ಡದು ಮಾಡಲು ಹೊರಟ ಗಾಣಿಗನಂತೆ, ಸಿಕ್ಕಿದ ಚೂರನ್ನಾದರೂ ಹಿಡಿಯೋಣವೆಂದು ತಾನೇ ಬೆಳೆಯತೊಡಗುತ್ತದೆ. ಆ ಬೆಳವಣಿಗೆಯೇ ಗಳಗಂಡ.

ಈ ಮಾತನ್ನು ಇಂದು ನಾವು ಸುಲಭವಾಗಿ ಹೇಳುತ್ತೇವೆ. ಮ್ಯಾಕ್‌ಕ್ಯಾರಿಸನ್ನರ ಕಾಲದಲ್ಲಿ ಇದು ಇತ್ಯರ್ಥವಾಗಿರಲಿಲ್ಲ. 1811ರಲ್ಲಿ ಫ್ರಾನ್ಸಿನ ಕೂರ್ತ್ವಾ ಎಂಬವನು ಕಡಲಕಳೆಯ ಬೂದಿಯಿಂದ ಅಯೋಡಿನ್ನನ್ನು ಕಂಡುಹಿಡಿದನು. 1820ರಲ್ಲಿ ಜಿನೀವಾದ ಕ್ವಾಂದೆ ಎಂಬ ವೈದ್ಯನು ಗಳಗಂಡಕ್ಕೆ ಅದನ್ನು ಔಷಧವಾಗಿ ಕೊಟ್ಟನು. ಆದರೆ ಅಳತೆ ಮೀರಿ ಕೊಟ್ಟುದರಿಂದ ಕೆಲವು ರೋಗಿಗಳಿಗೆ ಹಾನಿಯಾಗಿ, ಅಯೋಡಿನ್ ಬಗೆಗೆ ವೈದ್ಯರಲ್ಲಿ ಭೀತಿ ಹುಟ್ಟಿತು. 1895ರಲ್ಲಿ ಜರ್ಮನಿಯ ಬೌಮನ್ ಎಂಬ ವಿಜ್ಞಾನಿಯು ಥೈರಾಯ್ಡ್ ಗ್ರಂಥಿಯೊಳಗೇ ಅಯೋಡಿನ್ ಇರುವುದನ್ನು ಕಂಡನು. ಆದರೂ ಗಳಗಂಡಕ್ಕೆ ಅಯೋಡಿನ್ನಿನ ಕೊರತೆಯೇ ಕಾರಣವೆಂದು ಎಲ್ಲರೂ ಒಪ್ಪಿರಲಿಲ್ಲ. ಕೆಲವರು ನೀರಿನ ಸುಣ್ಣವನ್ನು ದೂರಿದರು. ಕೆಲವರು ಹಿಮದ ನೀರನ್ನು ದೂರಿದರು. ಸೂಕ್ಷ್ಮಜೀವಿಗಳಿಂದ ರೋಗಗಳು ಹುಟ್ಟುತ್ತವೆಂಬುದು ಆಗ ಹೊಸದಾಗಿ ತಿಳಿದಿದ್ದ ವಿಷಯ. ಆದುದರಿಂದ ಎಲ್ಲ ರೋಗಕ್ಕೂ ಒಂದೊಂದು ಜೀವಿಯನ್ನು ಹುಡುಕುವುದು ಆ ಕಾಲದ ವೈದ್ಯರಿಗೆ ಸಹಜವಾಗಿದ್ದಿತು.

ಗಿಲ್ಗಿತ್ ಎಂಬುದು ಒಂದೇ ಊರಲ್ಲ. ಒಂದರ ಕೆಳಗೊಂದರಂತಿದ್ದ ಎಂಟು ಹಳ್ಳಿಗಳ ಗುಂಪು. ಬೆಟ್ಟದಿಂದ ಇಳಿದುಬರುವ ಒಂದೇ ತೆರೆದ ಕಾಲುವೆ ಈ ಹಳ್ಳಿಗಳನ್ನು ಸಾಲಾಗಿ ಹಾದುಹೋಗುತ್ತಿದ್ದಿತು. ಮೇಲಿನ ಹಳ್ಳಿಯವರು ಪಾತ್ರೆ ತೊಳೆದು, ಬಟ್ಟೆ ಒಗೆದು, ದನಗಳ ಮೈ ತೊಳೆದ ನೀರೇ ಕೆಳಗಿನ ಹಳ್ಳಿಯವರಿಗೆ ಕುಡಿಯುವ ನೀರು. ಮ್ಯಾಕ್‌ಕ್ಯಾರಿಸನ್ನರು ಹಳ್ಳಿಹಳ್ಳಿಗೂ ಹೋಗಿ ಜನರ ಕೊರಳನ್ನು ಪರೀಕ್ಷಿಸಿ ಲೆಕ್ಕ ಬರೆದರು. ಮೇಲ್ತುದಿಯ ಹಳ್ಳಿಯಲ್ಲಿ ನೂರಕ್ಕೆ 11.8 ಮಂದಿಗೆ ಗಳಗಂಡವಿದ್ದಿತು. ಕಾಲುವೆಯೊಡನೆ ಇಳಿಯುತ್ತ ಹೋದಂತೆ ಈ ಸಂಖ್ಯೆ ಏರುತ್ತ ಹೋಯಿತು. ಕೊನೆಯ ಹಳ್ಳಿಯಲ್ಲಿ ಅದು ನೂರಕ್ಕೆ 45.6 ಆಯಿತು. ನೀರು ಹೊಲಸಾದಂತೆಲ್ಲ ರೋಗವೂ ಹೆಚ್ಚಿದೆಯೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗಿ ಕಂಡಿತು.

ಲೆಕ್ಕದಿಂದ ಮಾತ್ರ ಅವರು ತೃಪ್ತರಾಗಲಿಲ್ಲ. ಆ ನೀರನ್ನು ಸೋಸಿದಾಗ ಉಳಿಯುವ ಗಸಿಯನ್ನು ದಿನವೂ ಕುಡಿದು ನೋಡಬೇಕೆಂದು ನಿಶ್ಚಯಿಸಿದರು. ತಾವೇ ಮುಂದಾದರು, ಮನಸಾರೆ ಒಪ್ಪಿದ ಇತರ ಕೆಲವರೂ ಜೊತೆಗೂಡಿದರು. ಕೆಲವು ವಾರಗಳೊಳಗೆ ಅವರಲ್ಲಿ ಕೆಲವರ ಕೊರಳು ಊದಿತು. ಮ್ಯಾಕ್‌ಕ್ಯಾರಿಸನ್ನರ ಕೊರಳೂ ಊದಿತು. ಬಳಿಕ ಅದೇ ಗಸಿಯನ್ನು ಕುದಿಸಿ ಬೇರೆಯವರಿಗೆ ಕೊಡಲಾಯಿತು. ಅವರಿಗೆ ಏನೂ ಆಗಲಿಲ್ಲ. ಕುದಿಸಿದೊಡನೆ ಕೆಟ್ಟುಹೋಗುವುದೆಂದರೆ ಅದು ಜೀವಿಯೇ ಇರಬೇಕೆಂದು ಅವರು ತರ್ಕಿಸಿದರು. ಓಮದಿಂದ ತೆಗೆಯುವ ಥೈಮಾಲ್ ಎಂಬ ಕ್ರಿಮಿನಾಶಕವನ್ನು ರೋಗಿಗಳಿಗೆ ಕೊಟ್ಟರು. ಕೆಲವರ ಊತ ಇಳಿಯಿತು. ಗಳಗಂಡವು ಹೊಲಸು ನೀರಿನಿಂದ ಬರುವ ಅಂಟುರೋಗವೆಂಬ ನಿರ್ಣಯಕ್ಕೆ ಅವರು ಬಂದರು. 1913ರಲ್ಲಿ ಲಂಡನ್ನಿನ ವೈದ್ಯವಿದ್ವಾಂಸರ ಸಭೆಯಲ್ಲಿ ಈ ವಿಷಯವಾಗಿ ಉಪನ್ಯಾಸಮಾಲೆಯನ್ನು ನೀಡಿದರು; 1917ರಲ್ಲಿ ಥೈರಾಯ್ಡ್ ಗ್ರಂಥಿಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು.

ಮಕ್ಕಳೇ, ಇಲ್ಲಿ ವಿಚಾರ ಮಾಡತಕ್ಕ ಒಂದು ಸಂಗತಿಯಿದೆ. ಅವರ ಎಣಿಕೆ ಪ್ರಾಮಾಣಿಕವಾದುದು, ಧೈರ್ಯ ಅಸಾಧಾರಣವಾದುದು. ಆದರೂ ನಿರ್ಣಯ ಪೂರ್ಣವಾಗಿರಲಿಲ್ಲ. ಏಕೆ? ಎಂಟು ಹಳ್ಳಿಗಳನ್ನು ಅವರು ಒಂದಕ್ಕೊಂದು ಹೋಲಿಸಿದರು. ಆದರೆ ಎಂಟೂ ಹಳ್ಳಿಗಳು ಒಂದೇ ಕಣಿವೆಯವು. ಸಾವಿರಾರು ವರ್ಷಗಳ ಹಿಮವೂ ಮಳೆಯೂ ಆ ಕಣಿವೆಯ ಮಣ್ಣಿನ ಅಯೋಡಿನ್ನನ್ನು ತೊಳೆದು ಕಡಲಿಗೆ ಸೇರಿಸಿಬಿಟ್ಟಿದ್ದವು. ಮಣ್ಣಿನಲ್ಲಿ ಇಲ್ಲದುದು ಬೆಳೆಯಲ್ಲಿಯೂ ಇರಲಾರದು. ಬೆಳೆಯಲ್ಲಿ ಇಲ್ಲದುದು ಜನರ ದೇಹದಲ್ಲಿಯೂ ಇರಲಾರದು. ಅಯೋಡಿನ್ನಿಗೆ ಹಸಿದಿದ್ದ ಅಂತಹ ದೇಹಕ್ಕೆ ನೀರಿನ ಹೊಲಸು ಮತ್ತಷ್ಟು ಕೇಡನ್ನು ಮಾಡಬಲ್ಲುದು. ಹೊಲಸು ನೀರು ಬೆಂಕಿಗೆ ಬೀಸಿದ ಗಾಳಿ. ಬೆಂಕಿಯ ಮೂಲ ಅಯೋಡಿನ್ನಿನ ಅಭಾವ. ಕಣ್ಣಿಗೆ ಕಾಣುವ ಹೊಲಸನ್ನು ಎಣಿಸಬಹುದು. ಇಲ್ಲದ ವಸ್ತುವನ್ನು ಎಣಿಸುವುದು ಹೇಗೆ? ಇಂತಹ ಕಡೆ ಎಂತಹ ಬುದ್ಧಿವಂತನೂ ದಾರಿತಪ್ಪಬಹುದು.

ಆದರೆ ಗಿಲ್ಗಿತ್ತಿನಲ್ಲಿ ಅವರು ಮಾಡಿದ ಇನ್ನೊಂದು ಕಾರ್ಯ ಇಂದಿಗೂ ನಿಂತಿದೆ. ಗಳಗಂಡವುಳ್ಳ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದ ಕೆಲವು ಮಕ್ಕಳು ಬುದ್ಧಿ ಬೆಳೆಯದೆ ಉಳಿಯುತ್ತಿದ್ದುದನ್ನು ಅವರು ಕಂಡರು. ಊರವರು ಅಂತಹ ಮಕ್ಕಳನ್ನು ದೈವದ ಶಾಪವೆಂದೆಣಿಸಿ ಮೂಲೆಗೆ ತಳ್ಳಿದ್ದರು. ಮ್ಯಾಕ್‌ಕ್ಯಾರಿಸನ್ನರು ಅವರೊಬ್ಬೊಬ್ಬರನ್ನೂ ಪರೀಕ್ಷಿಸಿ, ಅವರಲ್ಲಿ ಎರಡು ಬಗೆಯವರಿರುವರೆಂದು 1908ರಲ್ಲಿ ಬರೆದರು. ಒಂದು ಬಗೆಯವರಿಗೆ ಕಿವಿ ಕೇಳದು, ಮಾತು ಬಾರದು, ಕಾಲುಗಳು ಸೆಟೆದು ನಡೆಯುವುದೇ ಕಷ್ಟ. ಇನ್ನೊಂದು ಬಗೆಯವರು ಕುಳ್ಳರು; ಮುಖ ಊದಿರುತ್ತದೆ, ಚರ್ಮ ಒರಟಾಗಿರುತ್ತದೆ, ಎಲ್ಲದರಲ್ಲಿಯೂ ಮಂದಗತಿ. ಈ ವಿಂಗಡಣೆಯನ್ನು ವೈದ್ಯರು ಇಂದಿಗೂ ಉಪಯೋಗಿಸುತ್ತಾರೆ. ತಾಯಿಯ ಗರ್ಭದಲ್ಲಿರುವಾಗ ಅಯೋಡಿನ್ ದೊರೆಯದೆ ಹೋದ ಮಗುವಿನ ಬುದ್ಧಿಗೆ ಆಗುವ ನಷ್ಟವನ್ನು ಆಮೇಲೆ ತುಂಬಿಕೊಡುವುದು ಅಸಾಧ್ಯ. ಕೊರಳಿನ ಗಂಟು ಕಣ್ಣಿಗೆ ಕಾಣುತ್ತದೆ; ಬುದ್ಧಿಗೆ ಬಿದ್ದ ಪೆಟ್ಟು ಕಾಣುವುದಿಲ್ಲ. ಗಳಗಂಡಕ್ಕಿಂತ ದೊಡ್ಡ ಕೇಡು ಇದೇ.

1918ರಲ್ಲಿ ಮ್ಯಾಕ್‌ಕ್ಯಾರಿಸನ್ನರ ಜೀವನದ ಎರಡನೆಯ ಅಧ್ಯಾಯ ಮೊದಲಾಯಿತು. ಅವರು ದಕ್ಷಿಣಕ್ಕೆ ಬಂದು, ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಸಂಶೋಧನೆಗೆ ಕುಳಿತರು. ನೀಲಗಿರಿಯೆಂದರೆ ನಮ್ಮ ಮೈಸೂರು ಸೀಮೆಯ ಮಗ್ಗುಲು. ಕನ್ನಡಕ್ಕೆ ಬಹು ಸಮೀಪವಾದ ಬಡಗ ನುಡಿಯನ್ನಾಡುವ ಜನರ ನಾಡು. ಅಲ್ಲಿ ಅವರಿಗೆ ಮೊದಲು ದೊರೆತುದು ಒಂದು ಕೋಣೆ. ನೆರವಿಗೆ ಕೆಲವೇ ಜನರು. ಆಹಾರದಲ್ಲಿ ಯಾವ ಯಾವ ಅಂಶ ಕಡಮೆಯಾದರೆ ದೇಹದ ಯಾವ ಯಾವ ಅಂಗ ಕೆಡುತ್ತದೆ ಎಂಬುದನ್ನು ಪಾರಿವಾಳ, ಮಂಗ, ಇಲಿ ಮೊದಲಾದ ಪ್ರಾಣಿಗಳನ್ನು ಸಾಕಿ ಪರೀಕ್ಷಿಸತೊಡಗಿದರು. 1921ರಲ್ಲಿ ಈ ಸಂಶೋಧನೆಗಳ ಗ್ರಂಥ ಪ್ರಕಟವಾಗಿ ಅವರ ಕೀರ್ತಿ ಯೂರೋಪ್ ಅಮೆರಿಕಗಳಿಗೂ ಹಬ್ಬಿತು.

ಕೀರ್ತಿಯ ಬೆನ್ನಹಿಂದೆಯೇ ಕಷ್ಟವೂ ಬಂದಿತು. ಲಾರ್ಡ್ ಇಂಚ್‌ಕೇಪ್ ಎಂಬವರ ಅಧ್ಯಕ್ಷತೆಯ ಸಮಿತಿಯು ಸರಕಾರದ ವೆಚ್ಚವನ್ನು ಕಡಮೆ ಮಾಡಲು ಹೊರಟಾಗ, ಕೂನೂರಿನ ಈ ಸಂಶೋಧನೆಯೂ ಅನಾವಶ್ಯಕವಾದ ಖರ್ಚಿನ ಪಟ್ಟಿಗೆ ಸೇರಿತು. 1923ರ ಹೊತ್ತಿಗೆ ಕೆಲಸ ನಿಂತೇಹೋಯಿತು. ಜನರು ಏನನ್ನು ಉಣ್ಣುತ್ತಾರೆಂದು ತಿಳಿಯುವುದು ಅನಾವಶ್ಯಕವೆನಿಸಿದರೆ ಆವಶ್ಯಕವಾದುದು ಇನ್ನಾವುದೆಂದು ನಾವು ಕೇಳಬಹುದು. ಮ್ಯಾಕ್‌ಕ್ಯಾರಿಸನ್ನರು ಧೃತಿಗೆಡಲಿಲ್ಲ. 1925ರಲ್ಲಿ ಕಾರ್ಯವು ಪುನಃ ಆರಂಭವಾಯಿತು. 1929ರಲ್ಲಿ ಆ ಒಂದು ಕೋಣೆಯ ಪ್ರಯತ್ನವು ಪೌಷ್ಟಿಕ ಸಂಶೋಧನಾಲಯವೆಂಬ ಪೂರ್ಣಸಂಸ್ಥೆಯಾಗಿ, ಅವರೇ ಅದರ ನಿರ್ದೇಶಕರಾದರು. 1933ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

ಕೂನೂರಿನ ಪ್ರಯೋಗಗಳಲ್ಲಿ ಒಂದನ್ನು ನಮ್ಮ ಮಕ್ಕಳು ವಿಶೇಷವಾಗಿ ತಿಳಿಯಬೇಕು. ಏಕೆಂದರೆ ಅದರಲ್ಲಿ ಕನ್ನಡಿಗರ ಊಟವೂ ಮರಾಠಿಗರ ಊಟವೂ ಪಕ್ಕಪಕ್ಕದಲ್ಲಿ ಕುಳಿತಿವೆ. ಭಾರತದ ಬೇರೆ ಬೇರೆ ಪ್ರಾಂತಗಳ ಜನರ ಮೈಕಟ್ಟು ಬೇರೆ ಬೇರೆಯಾಗಿರುವುದೇಕೆ ಎಂಬುದು ಮ್ಯಾಕ್‌ಕ್ಯಾರಿಸನ್ನರ ಪ್ರಶ್ನೆ. ಅದು ರಕ್ತದ ಗುಣವೋ, ಹವೆಯ ಗುಣವೋ, ಅನ್ನದ ಗುಣವೋ? ಒಂದೇ ತಳಿಯ, ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ಆರಿಸಿ ಏಳು ಗುಂಪು ಮಾಡಿದರು. ಒಂದೊಂದು ಗುಂಪಿನಲ್ಲಿ 20 ಇಲಿಗಳು. ಗೂಡು ಒಂದೇ ಬಗೆ, ಗಾಳಿ ಬೆಳಕು ಒಂದೇ ಬಗೆ; ಆಹಾರ ಮಾತ್ರ ಬೇರೆ ಬೇರೆ. ಒಂದು ಗುಂಪಿಗೆ ಸಿಖ್ಖರ ಊಟ, ಒಂದಕ್ಕೆ ಪಠಾಣರ ಊಟ. ಹೀಗೆಯೇ ಮರಾಠರ, ಗೂರ್ಖರ, ಕನ್ನಡಿಗರ, ಬಂಗಾಳಿಗಳ, ಮದರಾಸಿನವರ ಊಟ. 140 ದಿನಗಳಾದ ಮೇಲೆ ತೂಗಿ ನೋಡಿದರು. ಸಿಖ್ಖರ ಊಟವನ್ನು ತಿಂದ ಇಲಿಗಳು ಸರಾಸರಿ 235 ಗ್ರಾಂ; ಪಠಾಣರದು 230; ಮರಾಠರದು 225; ಗೂರ್ಖರದು 200; ಕನ್ನಡಿಗರದು 185; ಬಂಗಾಳಿಗಳದು 180; ಮದರಾಸಿನವರದು 155.

ಈ ಪಟ್ಟಿಯನ್ನು ಓದಿ ನಮ್ಮ ಮಕ್ಕಳು ತಲೆತಗ್ಗಿಸಬೇಕಾದುದಿಲ್ಲ. ನೆರೆಮನೆಯ ಮರಾಠಿ ಗೆಳೆಯರು ಬೀಗಬೇಕಾದುದೂ ಇಲ್ಲ. ಇಲಿಗಳೆಲ್ಲವೂ ಒಂದೇ ತಳಿಯವು ಎಂಬುದನ್ನು ನೆನಪಿಡಿರಿ. ಕನ್ನಡದ ಇಲಿ ಎಂಬುದೊಂದಿಲ್ಲ, ಮರಾಠಿಯ ಇಲಿ ಎಂಬುದೊಂದಿಲ್ಲ. 40 ಗ್ರಾಮಿನ ಅಂತರವನ್ನು ತಂದುದು ಜಾತಿಯಲ್ಲ, ಭಾಷೆಯಲ್ಲ. ತಾಟಿನಲ್ಲಿ ಬಿದ್ದ ಅನ್ನ. ಸಿಖ್ಖರ ಊಟವೆಂದರೆ ಹೊಟ್ಟು ತೆಗೆಯದ ಗೋದಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ; ವಾರಕ್ಕೊಮ್ಮೆ ಸ್ವಲ್ಪ ಮಾಂಸ. ಹೊಳಪು ಕೊಟ್ಟ ಅಕ್ಕಿಯೇ ಹೆಚ್ಚಾಗಿ, ಹಾಲೂ ತರಕಾರಿಯೂ ಕಡಮೆಯಾದಂತೆಲ್ಲ ಇಲಿಗಳು ಸೊರಗಿದವು. ಹಾಗಾದರೆ ಬಡವನ ಮಗುವಿನ ಮೈ ಬೆಳೆಯದಿದ್ದುದಕ್ಕೆ ಹಣೆಬರಹವನ್ನು ಹಳಿಯುವುದು ತಪ್ಪು, ತಾಟನ್ನು ನೋಡಬೇಕು. ಆ ಕಾಲದಲ್ಲಿ ಒಂದೊಂದು ಜನಾಂಗವನ್ನು ಮೇಲು ಕೀಳೆಂದು ಎಣಿಸುತ್ತಿದ್ದವರು ಬಹುಮಂದಿ ಇದ್ದರು. ಅಂಥವರಿಗೆ ಈ ಮೂಕಪ್ರಾಣಿಗಳು ಕೊಟ್ಟ ಉತ್ತರ ಸಣ್ಣದಲ್ಲ.

ಇನ್ನೊಂದು ಪ್ರಯೋಗದಲ್ಲಿ ಅವರು ತಮ್ಮ ಸ್ವಂತ ದೇಶದವರ ಊಟವನ್ನೇ ಪರೀಕ್ಷೆಗೆ ಒಡ್ಡಿದರು. ಇಂಗ್ಲೆಂಡಿನ ಬಡಜನರು ತಿನ್ನುತ್ತಿದ್ದ ಬಿಳಿಯ ಪಾವ್, ಕೃತಕ ಬೆಣ್ಣೆ, ಸಕ್ಕರೆ ಸುರಿದ ಚಹಾ, ಹೆಚ್ಚು ಬೇಯಿಸಿದ ತರಕಾರಿ, ಡಬ್ಬಿಯ ಮಾಂಸ, ಮುರಬ್ಬ ಇವನ್ನು ಇಲಿಗಳಿಗೆ ಕೊಟ್ಟರು. ಅವು ಬೆಳೆಯಲಿಲ್ಲ, ಬದಲಾಗಿ ಒಂದನ್ನೊಂದು ಕಚ್ಚಾಡತೊಡಗಿದವು. ಎರಡು ತಿಂಗಳು ತುಂಬುವಷ್ಟರಲ್ಲಿ ಬಲವುಳ್ಳವು ದುರ್ಬಲವಾದವನ್ನು ಕೊಂದು ತಿನ್ನತೊಡಗಿದವು. ಆಳುವವರ ಅಡಿಗೆಯನ್ನು ಆಳಿಸಿಕೊಳ್ಳುವವರ ಅಡಿಗೆಯೊಡನೆ ತೂಗಿ, ಬಂದ ಫಲವನ್ನು ಮುಚ್ಚಿಡದೆ ಹೇಳಿದುದು ಮ್ಯಾಕ್‌ಕ್ಯಾರಿಸನ್ನರ ನಿಷ್ಪಕ್ಷಪಾತಕ್ಕೆ ಸಾಕ್ಷಿ. ಬೆಳಗಿನ ಅವಸರದಲ್ಲಿ ಸಿಹಿ ಚಹಾದಲ್ಲಿ ಪಾವನ್ನೋ ಖಾರಿಯನ್ನೋ ಅದ್ದಿ ತಿಂದು ಶಾಲೆಗೆ ಓಡುವ ನಮ್ಮ ಭೋಸರಿಯ ಮಕ್ಕಳು ಈ ಪ್ರಯೋಗವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ. ಊರಿನಿಂದ ಬರುವಾಗ ನಮ್ಮ ಹಿರಿಯರು ಬೆನ್ನಿಗೆ ಕಟ್ಟಿ ತಂದ ಜೋಳದ ರೊಟ್ಟಿ, ಬೇಳೆಯ ಪಲ್ಯ, ಹಸಿ ಸೊಪ್ಪು, ಮಜ್ಜಿಗೆ, ಶೇಂಗಾ ಇವು ನಾಚಿಕೊಳ್ಳತಕ್ಕ ಊಟವಲ್ಲ.

1935ರಲ್ಲಿ ಮ್ಯಾಕ್‌ಕ್ಯಾರಿಸನ್ನರು ನಿವೃತ್ತರಾಗಿ ಆಕ್ಸ್‌ಫರ್ಡ್ ನಗರದಲ್ಲಿ ನೆಲೆಸಿದರು. 1936ರಲ್ಲಿ ಲಂಡನ್ನಿನಲ್ಲಿ ಆಹಾರವನ್ನೂ ರಾಷ್ಟ್ರದ ಆರೋಗ್ಯವನ್ನೂ ಕುರಿತು ಪ್ರಸಿದ್ಧ ಉಪನ್ಯಾಸಗಳನ್ನು ನೀಡಿದರು. ವಯಸ್ಸಾದ ಮೇಲೆಯೂ ತರುಣ ವೈದ್ಯರ ಉಚ್ಚಶಿಕ್ಷಣದ ಹೊಣೆಯನ್ನು ಹೊತ್ತು ದುಡಿದರು. ಅವರಿಗೆ ಮಕ್ಕಳಿರಲಿಲ್ಲ. 1960ನೆಯ ಮೇ 18ರಂದು, ತಮ್ಮ 82ನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿಯೇ ತೀರಿಕೊಂಡರು. ಅವರು ಕಟ್ಟಿದ ಕೂನೂರಿನ ಸಂಸ್ಥೆಯು ಅದಕ್ಕೆ ಸ್ವಲ್ಪ ಮೊದಲೇ ಹೈದರಾಬಾದಿಗೆ ಸ್ಥಳಾಂತರವಾಗಿದ್ದಿತು. ರಾಷ್ಟ್ರೀಯ ಪೌಷ್ಟಿಕಾಹಾರ ಸಂಸ್ಥೆಯೆಂಬ ಹೆಸರಿನಿಂದ ಅದು ಇಂದಿಗೂ ದೇಶದ ಸೇವೆಯಲ್ಲಿದೆ.

ಗಿಲ್ಗಿತ್ತಿನಲ್ಲಿ ಅರ್ಧ ಉಳಿದ ಪ್ರಶ್ನೆ ಏನಾಯಿತು? ಅದಕ್ಕೆ ಉತ್ತರವನ್ನು ತಂದವರು, ಕೂನೂರಿನ ಅದೇ ಸಂಸ್ಥೆಯಲ್ಲಿ ಮುಂದೆ ಕೆಲಸ ಮಾಡಿದ ಒಬ್ಬ ಭಾರತೀಯ ತರುಣರೆಂಬುದು ಸಂತೋಷದ ಸಂಗತಿ. ಅವರು ಡಾಕ್ಟರ್ ವುಲಿಮಿರಿ ರಾಮಲಿಂಗಸ್ವಾಮಿ. 1921ರಲ್ಲಿ ಆಂಧ್ರದ ಶ್ರೀಕಾಕುಳದಲ್ಲಿ ಜನಿಸಿದವರು, 2001ರಲ್ಲಿ ತೀರಿಕೊಂಡವರು. 1956ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ಒಂದು ದೊಡ್ಡ ಪರೀಕ್ಷೆಯನ್ನು ಆರಂಭಿಸಿದರು. ಸುಮಾರು ಒಂದು ಲಕ್ಷ ಜನರಿದ್ದ ಸೀಮೆಯನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ನಡುವಿನ ವಲಯಕ್ಕೆ ಸಾಧಾರಣ ಉಪ್ಪು ಹೋಗುವಂತೆ ಏರ್ಪಾಡು ಮಾಡಿದರು. ನೀರು ಮೊದಲಿನ ನೀರೇ, ಬದುಕು ಮೊದಲಿನ ಬದುಕೇ, ಬದಲಾದುದು ಉಪ್ಪೊಂದೇ.

ಆರಂಭದಲ್ಲಿ ಮೂರೂ ವಲಯಗಳ ಶಾಲಾಮಕ್ಕಳಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಗಳಗಂಡವಿದ್ದಿತು. 1962ರಲ್ಲಿ ಪುನಃ ನೋಡಿದಾಗ, ಅಯೋಡಿನ್ ಉಪ್ಪನ್ನು ತಿಂದ ವಲಯಗಳಲ್ಲಿ ಅದು ನೂರಕ್ಕೆ 19 ಮತ್ತು 15ಕ್ಕೆ ಇಳಿದಿದ್ದಿತು. ಸಾಧಾರಣ ಉಪ್ಪಿನ ವಲಯದಲ್ಲಿ 40ರಲ್ಲಿಯೇ ನಿಂತಿದ್ದಿತು. ಇನ್ನು ಸಂದೇಹಕ್ಕೆ ಎಡೆಯುಳಿಯಲಿಲ್ಲ. ನಡುವಿನ ವಲಯಕ್ಕೂ ಅಯೋಡಿನ್ ಉಪ್ಪನ್ನು ಕೊಟ್ಟರು. 1968ರ ಹೊತ್ತಿಗೆ ಅಲ್ಲಿಯೂ ಅದು 17ಕ್ಕೆ ಇಳಿಯಿತು. ಮ್ಯಾಕ್‌ಕ್ಯಾರಿಸನ್ನರು ಕಾಲುವೆಯ ಗುಂಟ ನಡೆದು ಎಣಿಸಿದರು. ರಾಮಲಿಂಗಸ್ವಾಮಿಯವರು ಹೋಲಿಸಿ ನೋಡುವುದಕ್ಕಾಗಿಯೇ ಒಂದು ವಲಯವನ್ನು ಮೊದಲಿನಂತೆ ಉಳಿಸಿಕೊಂಡು ಎಣಿಸಿದರು. ವಿಜ್ಞಾನವು ಮುಂದೆ ಹೋಗುವುದು ಹೀಗೆ. ಮೊದಲಿನವರ ಪ್ರಶ್ನೆ ಇಲ್ಲದಿದ್ದರೆ ಅನಂತರದವರ ಉತ್ತರವೂ ಇರಲಾರದು.

1962ರಲ್ಲಿ ಭಾರತ ಸರಕಾರವು ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ರೋಗವು ಕೊರಳಿನದು ಮಾತ್ರವಲ್ಲ, ಬುದ್ಧಿಗೂ ಬೆಳವಣಿಗೆಗೂ ಸಂಬಂಧಿಸಿದುದೆಂದು ಮನಗಂಡು 1992ರಲ್ಲಿ ಅದಕ್ಕೆ ಅಯೋಡಿನ್ ಕೊರತೆಯ ವ್ಯಾಧಿಗಳ ನಿಯಂತ್ರಣವೆಂದು ಹೆಸರಿಟ್ಟಿತು. ಅಯೋಡಿನ್ ಇಲ್ಲದ ಉಪ್ಪನ್ನು ಜನರ ಊಟಕ್ಕಾಗಿ ಮಾರಬಾರದೆಂಬ ನಿರ್ಬಂಧವು 2006ನೆಯ ಮೇ 17ರಿಂದ ದೇಶಕ್ಕೆಲ್ಲ ಜಾರಿಗೆ ಬಂದಿತು. ಅಂಗಡಿಯಲ್ಲಿ ಮಾರುವ ಊಟದ ಉಪ್ಪಿನ ಒಂದೊಂದು ಗ್ರಾಮಿನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ದೊಡ್ಡವರಿಗೆ ದಿನಕ್ಕೆ ಬೇಕಾದುದು 150 ಮೈಕ್ರೋಗ್ರಾಂ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 120, ಗರ್ಭಿಣಿಯರಿಗೆ 250. ಲೆಕ್ಕದಲ್ಲಿ ಆಸಕ್ತಿಯುಳ್ಳವರು ಗುಣಿಸಿ ನೋಡಿರಿ: ಎಪ್ಪತ್ತು ವರ್ಷ ಬಾಳಿದವನಿಗೂ ಒಂದು ಜನ್ಮಕ್ಕೆ ಬೇಕಾಗುವ ಅಯೋಡಿನ್ ಸುಮಾರು ನಾಲ್ಕು ಗ್ರಾಂ, ಒಂದು ಚಹಾ ಚಮಚವೂ ತುಂಬಲಾರದು. ಇಷ್ಟು ಅಲ್ಪವಾದ ವಸ್ತುವು ದಿನದಿನವೂ ಕಣಕಣವಾಗಿ ದೊರೆಯದೆ ಹೋದುದರಿಂದ ಎಷ್ಟೋ ಕಣಿವೆಗಳ ಮಕ್ಕಳು ಮಾತನ್ನೂ ಬುದ್ಧಿಯನ್ನೂ ಕಳೆದುಕೊಂಡರು.

ನಮ್ಮ ಭೋಸರಿ ಕಾರ್ಖಾನೆಗಳ ಊರು. ಕಲಬುರಗಿಯ ಕಡೆಯಿಂದಲೋ ವಿಜಯಪುರದ ಕಡೆಯಿಂದಲೋ ಬಂದು ಇಲ್ಲಿ ದುಡಿಯುವ ತಾಯಿತಂದೆಯರು ಕಾಸಿಗೆ ಕಾಸು ಕೂಡಿಸಿ ಸಂಸಾರವನ್ನು ನಡೆಸುತ್ತಾರೆ. ಅಗ್ಗವೆಂದು ಬಿಡಿ ಹರಳುಪ್ಪನ್ನು ತರುವ ಮನೆಗಳೂ ಇರಬಹುದು. ಅಂತಹ ಮನೆಯ ಮಕ್ಕಳಿಗೆ ನಾವು ಒಂದು ಕೆಲಸವನ್ನು ಒಪ್ಪಿಸುತ್ತೇವೆ. ಉಪ್ಪನ್ನು ತರಲು ಅಂಗಡಿಗೆ ಹೋದಾಗ ಪೊಟ್ಟಣದ ಮೇಲೆ ಅಯೋಡಿನ್ ಇದೆಯೆಂಬ ಬರಹವನ್ನೂ, ನಗುವ ಸೂರ್ಯನ ಗುರುತನ್ನೂ ನೋಡಿ ಕೊಳ್ಳಿರಿ. ಮನೆಯಲ್ಲಿ ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ತೇವವೂ ಬಿಸಿಲೂ ತಾಕದ ಕಡೆ, ಒಲೆಯಿಂದ ದೂರವಿಡಲು ತಾಯಂದಿರಿಗೆ ಹೇಳಿರಿ. ಸಾರು ಕುದಿದ ಮೇಲೆ ಕೊನೆಯಲ್ಲಿ ಉಪ್ಪು ಹಾಕಿದರೆ ಅಯೋಡಿನ್ ಹೆಚ್ಚು ಉಳಿಯುತ್ತದೆ. ಆದರೆ ಅಯೋಡಿನ್ ಬೇಕೆಂದು ಉಪ್ಪನ್ನೇ ಹೆಚ್ಚು ತಿನ್ನಬಾರದು. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಹೆಚ್ಚು ಉಪ್ಪು ಒಳ್ಳೆಯದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಲು, ಮೊಟ್ಟೆ, ಮೀನುಗಳಿಂದಲೂ ಅಯೋಡಿನ್ ದೊರೆಯುತ್ತದೆ.

ಇನ್ನೊಂದು ಮಾತು. ಥೈರಾಯ್ಡಿನ ಎಲ್ಲ ಕಾಯಿಲೆಯೂ ಅಯೋಡಿನ್ ಕೊರತೆಯಿಂದಲೇ ಬರುವುದಲ್ಲ. ಅಯೋಡಿನ್ ಉಪ್ಪನ್ನು ಉಣ್ಣುವವರಲ್ಲಿಯೂ, ವಿಶೇಷವಾಗಿ ಹೆಂಗಸರಲ್ಲಿ, ದೇಹದ ರಕ್ಷಣಾಶಕ್ತಿಯೇ ತಪ್ಪಿ ಗ್ರಂಥಿಯ ಮೇಲೆ ಎರಗುವುದುಂಟು. ಆಗ ಗ್ರಂಥಿಯ ರಸ ಕಡಮೆಯಾಗಿ ಆಯಾಸ, ಚಳಿ ತಡೆಯದಿರುವುದು, ಮೈ ದಪ್ಪವಾಗುವುದು, ಕೂದಲುದುರುವುದು, ಮಂಕುತನ ಮೊದಲಾದವು ಕಾಣುತ್ತವೆ. ರಸ ಹೆಚ್ಚಾದರೆ ಎದೆ ಬಡಿತ, ಕೈನಡುಕ, ಮೈ ಇಳಿಯುವುದು ಕಾಣುತ್ತವೆ. ಇದನ್ನು ಸೋಮಾರಿತನವೆಂದೋ ದೃಷ್ಟಿದೋಷವೆಂದೋ ಎಣಿಸಿ ಸುಮ್ಮನಿರಬಾರದು. ಸರಳವಾದ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ರಸ ಕಡಮೆಯಾದವರು ವೈದ್ಯರು ಹೇಳಿದಂತೆ ದಿನವೂ ಒಂದು ಮಾತ್ರೆಯನ್ನು ನುಂಗುತ್ತ ಎಲ್ಲರಂತೆ ಬಾಳಬಹುದು. ಹುಟ್ಟಿದ ಶಿಶುವಿನಲ್ಲಿ ಈ ಕೊರತೆಯಿದ್ದರೆ ಮೊದಲ ದಿನಗಳಲ್ಲಿಯೇ ಕಂಡುಹಿಡಿದು ಔಷಧವನ್ನು ಕೊಟ್ಟು, ಆ ಮಗುವಿನ ಬುದ್ಧಿಯನ್ನು ಉಳಿಸಬಹುದು.

ಮ್ಯಾಕ್‌ಕ್ಯಾರಿಸನ್ನರ ಜೀವನದಿಂದ ನಾವು ಕಲಿಯಬೇಕಾದುದು ಏನು? ಕಂಡುದನ್ನು ಎಣಿಸಿ ಬರೆಯುವ ಶ್ರದ್ಧೆ, ಪರರ ಮೇಲೆ ಪ್ರಯೋಗ ಮಾಡುವ ಮುನ್ನ ತಾನೇ ಆ ಕಹಿಯನ್ನು ಕುಡಿಯುವ ಧೈರ್ಯ, ಅಡ್ಡಿ ಬಂದರೂ ಬಿಡದ ಛಲ ಇವು ಮೊದಲನೆಯವು. ಎಷ್ಟೇ ಪ್ರಾಮಾಣಿಕವಾಗಿ ಎಣಿಸಿದರೂ, ಹೋಲಿಕೆ ಸರಿಯಾಗಿಲ್ಲದಿದ್ದರೆ ನಿರ್ಣಯ ಕುಂಟುತ್ತದೆಯೆಂಬುದು ಎರಡನೆಯದು. ಹುಡುಕಿದವನ ಉತ್ತರ ಅರ್ಧವಾದರೂ, ಅವನು ಬೆಳೆಸಿದ ಸಂಸ್ಥೆಯಿಂದ ಬಂದ ಇನ್ನೊಬ್ಬನು ಅದನ್ನು ಪೂರ್ಣಗೊಳಿಸಬಲ್ಲನೆಂಬುದು ಮೂರನೆಯದು. ಭೋಸರಿಯ ನಮ್ಮ ಮಕ್ಕಳಲ್ಲಿ ಯಾರಾದರೂ ನಾಳೆ ವೈದ್ಯರಾಗಿ, ವಿಜ್ಞಾನಿಗಳಾಗಿ, ಇಂತಹ ಅರ್ಧ ಉಳಿದ ಪ್ರಶ್ನೆಯೊಂದನ್ನು ಪೂರ್ಣಗೊಳಿಸಲಿ. ಅಲ್ಲಿಯವರೆಗೆ ಮನೆಯ ಉಪ್ಪಿನ ಡಬ್ಬಿಯ ಮುಚ್ಚಳವನ್ನು ಭದ್ರವಾಗಿ ಮುಚ್ಚುವುದರಿಂದ ಕೆಲಸವನ್ನು ಆರಂಭಿಸಲಿ.